ರಾಮದೇವರು ಜರುಗಿದ ದಿನ

“ಮೇಡಂ, ಇದು ನಮ್ಮಪ್ಪನ ಬೆರಳು.”

ದೀಪಿಕ ಎಷ್ಟು ಮೆಲ್ಲಗೆ ಹೇಳಿದಳೆಂದರೆ ಪಕ್ಕದಲ್ಲೇ ನಿಂತಿದ್ದ ನನಗೂ ಮೊದಲು ಅರ್ಥವಾಗಲಿಲ್ಲ. ಅವಳ ಪೆನ್ಸಿಲ್ ಹಾಳೆಯ ಮೇಲೆ ನಿಂತುಬಿಟ್ಟಿತ್ತು. ಎದುರಿಗೆ, ಮೈಸೂರಿನ ಆ ಖಾಸಗಿ ಸಂಗ್ರಹಾಲಯದ ಗೋಡೆಯ ಮೇಲೆ, ರಾಮ ಪಟ್ಟಾಭಿಷೇಕದ ಹಳೆಯ ಚಿತ್ರ.

ನಮ್ಮ ಮದ್ದೂರಿನ ಕಾಲೇಜಿನಿಂದ ಹದಿನಾಲ್ಕು ಮಕ್ಕಳನ್ನು ಕರೆತಂದಿದ್ದೆ. ಬೆಳಗ್ಗೆಯಿಂದ ಇದು ಮೂರನೇ ಮ್ಯೂಸಿಯಂ. ಕಲಾ ಇತಿಹಾಸ ಕಲಿಸುವಾಗ ನನ್ನದೊಂದು ನಿಯಮ ಇದೆ. ಯಾವ ಚಿತ್ರದ ಮುಂದೆ ನಿಂತರೂ ಮೊದಲ ಹತ್ತು ನಿಮಿಷ ಅದರ ಕೆಳಗಿನ ಚೀಟಿ ಓದಬಾರದು, ಫೋಟೋ ತೆಗೆಯಬಾರದು. ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು.

“ಮೇಡಂ, ನನ್ ಪೇಜಲ್ಲಿ ಹನುಮಂತಂಗೆ ಜಾಗ ಇಲ್ಲ,” ಎಂದು ಆಚೆಯಿಂದ ಮಧುಕರ ಕೂಗಿದ. “ಬಾಲ ಮಾತ್ರ ಹಾಕ್ಲಾ?”

“ಬಾಲದ ವಿಷಯ ನಿನಗೆ ಚೆನ್ನಾಗಿ ಗೊತ್ತಲ್ಲ, ಹಾಕ್ಕೊ,” ಎಂದಳು ಶುಭಾ. ಎಲ್ಲರೂ ನಕ್ಕರು. ದೀಪಿಕ ನಗಲಿಲ್ಲ.

ನಾನು ಅವಳ ಹಾಳೆ ನೋಡಿದೆ. ರಾಮ, ಸೀತೆ, ತಮ್ಮಂದಿರು, ಎಲ್ಲರ ಹಣೆಯ ಮೇಲೂ ಅವಳು ಒಂದೊಂದು ಸಣ್ಣ ಅರ್ಧಚಂದ್ರ ಬರೆದಿದ್ದಳು. ರಾಮನ ಪಾದಗಳ ಮೇಲೆ ಎರಡು.

ಚಿತ್ರ ನೋಡಿದೆ. ನಿಜ. ಬಣ್ಣವೆಲ್ಲ ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಬಿಳಚಿಕೊಂಡಿತ್ತು. ಆ ಅರ್ಧಚಂದ್ರಗಳ ಒಳಗೆ ಮಾತ್ರ ಇನ್ನೂ ಗಾಢವಾಗಿ ಉಳಿದಿತ್ತು. ಗಾಜಿನ ಮೇಲೆ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಗಂಧ ಕುಂಕುಮದ ಬೊಟ್ಟು ಇಟ್ಟರೆ, ಅದರ ಹಿಂದಿನ ಬಣ್ಣಕ್ಕೆ ಬೆಳಕು ತಾಗುವುದಿಲ್ಲ. ಬೊಟ್ಟಿನ ಆಕಾರವೇ ನೆರಳಾಗಿ ಚಿತ್ರದಲ್ಲಿ ಉಳಿಯುತ್ತದೆ.

ಬೊಟ್ಟು ಗುಂಡಗಿರಬೇಕು. ಇವು ಅರ್ಧ ಇದ್ದವು.

ದೀಪಿಕಳ ತಂದೆ ಚಲುವರಾಜು ಅವರ ಬಲಗೈಯ ಉಂಗುರಬೆರಳಿನ ತುದಿ ಅರ್ಧ ಇಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋದದ್ದು. ಮಳವಳ್ಳಿಯ ಭಜನೆ ಮಂದಿರದಲ್ಲಿ ಮೂವತ್ತೆರಡು ವರ್ಷಗಳಿಂದ ದೀಪ ಹಚ್ಚಿ, ಆ ಬೆರಳಿನಲ್ಲೇ ಅಲ್ಲಿನ ರಾಮ ಪಟ್ಟಾಭಿಷೇಕದ ಪಟದ ಗಾಜಿಗೆ ಬೊಟ್ಟು ಇಡುತ್ತ ಬಂದವರು. ಅವರಿಗಿಂತ ಮೊದಲು ಬೊಟ್ಟು ಚೌಕಟ್ಟಿನ ಮರಕ್ಕೆ ಇಡುತ್ತಿದ್ದರಂತೆ. ಗಾಜಿಗೆ ಇಡುವುದು ಅವರ ರೂಢಿ.

ಎರಡು ವಾರದ ಹಿಂದೆ ದುರಸ್ತಿಗೆಂದು ಆ ಪಟದ ಹಿಂದಿನ ಹಲಗೆ ಬಿಚ್ಚಿದಾಗ ಒಳಗಿದ್ದುದು ನಕಲು ಎಂದು ಗೊತ್ತಾಯಿತು. ಮಂದಿರದ ಬೀಗದ ಕೈ ಒಂದೇ. ಅದು ಇದ್ದದ್ದು ಚಲುವರಾಜು ಅವರ ಸೊಂಟದಲ್ಲಿ. ನಾಳೆ ಸಂಜೆ ಐದಕ್ಕೆ ಕಮಿಟಿಯವರು ಸೇರಿ, ಅವರು ಬಾಯಿ ಬಿಡದಿದ್ದರೆ ಪೊಲೀಸರಿಗೆ ಬರೆದು ಕೊಡುವುದೆಂದು ತೀರ್ಮಾನವಾಗಿತ್ತು.

“ಏನಮ್ಮ, ಅಷ್ಟೊತ್ತಿಂದ ಅದ್ನೇ ನೋಡ್ತಿದೀರಾ?”

ಕಾವಲಿನ ಹೆಂಗಸು. ಎದೆಯ ಮೇಲಿನ ಪಟ್ಟಿಯಲ್ಲಿ ಪಟ್ಟಲಮ್ಮ ಎಂದಿತ್ತು. ಗದರುತ್ತಾಳೆ ಎಂದುಕೊಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಹೆದರಿ ಹಿಂದೆ ಸರಿಯುವುದು ನನ್ನ ಹಳೆಯ ಅಭ್ಯಾಸ.

“ಈ ಗುರುತುಗಳು...” ಎಂದೆ.

“ಅವಾ? ದಿನಾ ಗಾಜು ಒರೆಸೋಳು ನಾನು. ಮೊದಮೊದ್ಲು ಕೊಳೆ ಅಂತ ಉಜ್ಜೀ ಉಜ್ಜೀ ಕೈ ನೋಯಿಸ್ಕಂಡೆ. ಒಳಗಡೆ ಅವೆ ಕಣಮ್ಮ ಅವು. ಓಗಕಿಲ್ಲ.” ಅವಳು ತನ್ನ ಟಾರ್ಚ್ ತೆಗೆದು ನನ್ನ ಕೈಗಿಟ್ಟಳು. “ಮುಟ್ಬೇಡಿ ಅಷ್ಟೆ. ನೋಡಿ, ಎಷ್ಟೊತ್ತಾದ್ರೂ ನೋಡಿ. ಬರೋರೆಲ್ಲ ನಿಮಿಷಕ್ಕೊಂದು ನೋಡ್ಕಂಡು ಓಯ್ತಾರೆ.”

ಆ ಟಾರ್ಚಿಗೆ ನಾನು ಇವತ್ತಿಗೂ ಋಣಿ. ಓರೆ ಬೆಳಕಿನಲ್ಲಿ ಏಳು ಅರ್ಧಚಂದ್ರಗಳೂ ಎದ್ದು ಕಂಡವು. ಎಲ್ಲದರ ಮೊಂಡು ಬದಿ ಒಂದೇ ಕಡೆಗಿತ್ತು.

ಹತ್ತು ನಿಮಿಷ ಮುಗಿದಿತ್ತು. ಚೀಟಿ ಓದಿದೆ. “ಅಲಂಕಾರಕ್ಕಾಗಿ ರಚಿಸಿದ ಚಿತ್ರ. ಪೂಜೆಯಲ್ಲಿದ್ದುದಲ್ಲ. ಖಾಸಗಿ ಸಂಗ್ರಹದಿಂದ, ೨೦೦೬.”

ಪೂಜೆಯಲ್ಲಿರಲಿಲ್ಲ ಎಂದು ಯಾರೋ ಮುತುವರ್ಜಿ ವಹಿಸಿ ಬರೆಸಿದ್ದರು. ಮೊದಲೇ ಚೀಟಿ ಓದಿದ್ದರೆ ನಾವೂ ಅದನ್ನೇ ನಂಬಿ ಮುಂದಕ್ಕೆ ಹೋಗುತ್ತಿದ್ದೆವು.

“ಮೇಡಂ,” ದೀಪಿಕ ನನ್ನ ಸೆರಗು ಹಿಡಿದಿದ್ದಳು. “ಇದು ಅಪ್ಪನ ಪರವಾಗಾ, ವಿರುದ್ಧವಾಗಾ?”

ಗೊತ್ತಿಲ್ಲದ್ದನ್ನು ಹೇಳಬಾರದು. “ಪಟ ಸಿಕ್ಕಿತು. ಅಷ್ಟು ಮಾತ್ರ ಗೊತ್ತು,” ಎಂದೆ.

ಅವಳು ತಲೆಯಾಡಿಸಿದಳು. ತನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು. “ನಿಮ್ಮತ್ರ ಇರ್ಲಿ. ನಾನು ಹರಿದು ಹಾಕಿದ್ರೂ ಹಾಕ್ಬಿಡ್ತೀನಿ.”

ವಾಪಸು ಬರುವಾಗ ಬಸ್ಸಿನಲ್ಲಿ ಶುಭಾಳ ಅಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನ ಎಲ್ಲರ ಕೈಗೂ ಬಂತು. ಮಧುಕರ ತನ್ನ ಪಾಲನ್ನು ಏನೂ ಹೇಳದೆ ದೀಪಿಕಳ ತಟ್ಟೆಗೆ ಸುರಿದ. ಯಾರೂ ಅವಳನ್ನು ಏನೂ ಕೇಳಲಿಲ್ಲ. ಈ ಮಕ್ಕಳಿಗೆ ನಾನು ಕಲಿಸಿದ್ದಕ್ಕಿಂತ ಅವರಿಂದ ಕಲಿತದ್ದೇ ಹೆಚ್ಚು ಎಂದು ಕಿಟಕಿಯಾಚೆ ನೋಡುತ್ತ ಕುಳಿತೆ.

ಮಂಡ್ಯ ದಾಟುವ ಹೊತ್ತಿಗೆ ಯೋಚನೆ ಕಮಿಟಿಯ ಮೂವರ ಮೇಲೆ ಬಂದು ನಿಂತಿತು.

ಶಿವರಾಜು. ನಾಲ್ಕು ವ್ಯಾನುಗಳ ಒಡೆಯ. ಪೊಲೀಸಿಗೆ ಕೊಡಿ ಎಂದು ಮೊದಲ ದಿನದಿಂದ ಕೂಗುತ್ತಿರುವವರು ಅವರೇ.

ಇಂದ್ರಮ್ಮ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಮಂದಿರದ ಹೆಂಗಸರ ಭಜನೆ ಅವರ ಕೈಯಲ್ಲಿದೆ.

ಶ್ಯಾಮಣ್ಣ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವರು, ಕಮಿಟಿಯ ಅಧ್ಯಕ್ಷರು. ದೀಪಿಕಳಿಗೆ ಮೊದಲ ಬಣ್ಣದ ಪೆಟ್ಟಿಗೆ ಕೊಡಿಸಿದವರು, ಅವಳನ್ನು ನನ್ನ ತರಗತಿಗೆ ಸೇರಿಸಿದವರು. ಕಮಿಟಿಯ ಮುಂದೆ ಚಲುವರಾಜು ಪರವಾಗಿ ಎರಡು ವಾರದ ಗಡುವು ಕೇಳಿ ಪಡೆದವರೂ ಅವರೇ. ಮದ್ದೂರಿನ ನನ್ನ ಮನೆಯವರೆಗೆ ಬಂದು, “ಅಮ್ಮಾ, ನೀವು ನೋಡಿದರೆ ಏನಾದರೂ ಕಾಣಬಹುದು,” ಎಂದು ಕೈಮುಗಿದು ಹೋಗಿದ್ದರು.

ಮೂವರಲ್ಲಿ ಯಾರ ಮೇಲೂ ಅನುಮಾನ ಪಡಲು ನನಗೆ ಕಾರಣ ಇರಲಿಲ್ಲ. ಮೂವರನ್ನೂ ಬಿಟ್ಟುಬಿಡಲೂ ಕಾರಣ ಇರಲಿಲ್ಲ.

ಮರುದಿನ ನಾನೂ ದೀಪಿಕಳೂ ಮದ್ದೂರಿನಿಂದ ಹೊರಟ ಬಸ್ಸು ಕಬ್ಬಿನ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು, ಮಳವಳ್ಳಿ ತಲುಪಿದಾಗ ನಾಲ್ಕು ಗಂಟೆ. ಕಮಿಟಿ ಬರಲು ಒಂದು ಗಂಟೆ ಇತ್ತು.

ಚಲುವರಾಜು ಮಂದಿರದ ನೆಲ ಒರೆಸುತ್ತಿದ್ದರು. ಕಳ್ಳ ಎನ್ನಿಸಿಕೊಂಡ ಮೇಲೂ ಒಂದು ದಿನವೂ ದೀಪ ತಪ್ಪಿಸಿರಲಿಲ್ಲ.

“ಬನ್ನಿ ಮೇಡಮ್ಮೋರೆ. ನಿಮ್ಮಂತೋರು ನನ್ನಂತೋನ್ಗೆ ಇಷ್ಟ್ ದೂರ ಅಲೀತೀರಲ್ಲ,” ಎಂದು ಚಾಪೆ ಹಾಸಿದರು. “ಕಾಪಿ ತರ್ಸ್ಲಾ?”

“ಆಮೇಲೆ,” ಎಂದೆ. ಪಟದ ಹತ್ತಿರ ಹೋದೆ.

ಹಲಗೆ ಬಿಚ್ಚಿ ನೋಡಿದ ದಿನ ಎಲ್ಲರೂ ಹಿಂಬದಿಯನ್ನೇ ನೋಡಿದ್ದರು. ಗಾಜನ್ನು ಯಾರೂ ನೋಡಿರಲಿಲ್ಲ. ಅದು ಹಳೆಯ ಗಾಜೇ. ಕದ್ದವನು ಬುದ್ಧಿವಂತ. ಬೊಟ್ಟುಗಳ ಸಮೇತ ಗಾಜು ಹಾಗೇ ಉಳಿಸಿ, ಒಳಗಿನ ಚಿತ್ರ ಮಾತ್ರ ಬದಲಿಸಿದ್ದ. ಬೊಟ್ಟು ಅಲ್ಲಾಡದಿದ್ದರೆ ಪಟ ಅಲ್ಲಾಡಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ.

ನಕಲಿನ ರಾಮ ಸರಿಯಾಗಿ ಹಳೆಯ ಜಾಗದಲ್ಲಿ ಕೂತಿರಲಿಲ್ಲ. ಅರ್ಧ ಹೆಬ್ಬೆರಳಿನಷ್ಟು ಬಲಕ್ಕೆ ಬಂದಿದ್ದ. ಹಾಗಾಗಿ ಗಾಜಿನ ಮೇಲೆ ಎರಡು ಸಾಲು ಬೊಟ್ಟು. ಒಂದು ಇವತ್ತಿನದು, ಹಸಿ, ರಾಮನ ಹಣೆಗೆ ಸರಿಯಾಗಿ. ಪಕ್ಕದಲ್ಲಿ ಎಡಕ್ಕೆ, ಒಣಗಿ ಕಂದಾದ ಹಳೆಯ ಹೆಪ್ಪು. ಅದು ಯಾರ ಹಣೆಯ ಮೇಲೂ ಇರಲಿಲ್ಲ.

ಇದರ ಅರ್ಥ ಒಂದೇ.

“ಚಲುವರಾಜು ಅವರೇ, ನೀವು ಬೊಟ್ಟು ಇಡುವ ಜಾಗ ಬದಲಿಸಿದ್ದೀರಿ.”

ಒರೆಸುವ ಬಟ್ಟೆ ಕೈಯಲ್ಲೇ ನಿಂತಿತು.

“ಅಪ್ಪಾ,” ದೀಪಿಕಳ ದನಿ ಏರಿತು. “ನಿಂಗೆ ಗೊತ್ತಿತ್ತಾ? ಪಟ ಬದ್ಲಾಗಿದ್ದು ಗೊತ್ತಿತ್ತಾ?”

“ಏಯ್, ಬುಡು ಅತ್ಲಾಗೆ.”

“ಬುಡಕ್ಕಿಲ್ಲ! ಐದ್ ಗಂಟೆಗೆ ಬತ್ತಾರೆ ಅವ್ರು. ಕಾಲೇಜಲ್ಲಿ ಎಲ್ರೂ ನನ್ ಮೊಕ ನೋಡ್ತಾರೆ ಕಣಪ್ಪ. ಯೋಳು.”

ಕಾಲೇಜಿನಲ್ಲಿ ನಯವಾಗಿ ಮಾತಾಡುವ ಹುಡುಗಿ ಒಂದೇ ಗಳಿಗೆಯಲ್ಲಿ ಅಪ್ಪನ ಮಾತಿಗೆ ಇಳಿದಿದ್ದಳು.

ಚಲುವರಾಜು ಕೈ ತೊಳೆದುಕೊಂಡು ಬಂದರು. ಪಟದ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು.

“ಮೇಡಮ್ಮೋರೆ, ನಾ ಯೋಳೋದು ಈ ಗ್ವಾಡೆ ದಾಟ್ಬಾರ್ದು. ಇಪ್ಪತ್ ವರ್ಸದಿಂದ ಎಂಡ್ರಿಗೂ ಯೋಳಿಲ್ಲ. ರಾಮದ್ಯಾವ್ರ ಮುಂದೆ ಮಾತ್ ಕೊಟ್ರೆ ಯೋಳ್ತೀನಿ.”

ನಾನು ಸುಲಭವಾಗಿ ಮಾತು ಕೊಡುವವಳಲ್ಲ. ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ನಕಲಿ ರಾಮನ ಮುಂದೆ ನಿಂತು ನಿಜವಾದ ಮಾತು ಕೊಟ್ಟೆ.

“ಸ್ರಾವಣ ಸನಿವಾರ ಅವತ್ತು. ಇವ್ಳು ಉಟ್ಟಿ ಮೂರ್ ದಿನ ಆಗಿತ್ತು. ಮಂಡ್ಯದ ದೊಡ್ಡಾಸ್ಪತ್ರೇಲಿ. ತಾಯಿ ಉಳಿಯಕಿಲ್ಲ, ಮಗು ಉಳಿಯಕಿಲ್ಲ ಅಂದ್ಬುಟ್ಟಿದ್ರು. ಆಸ್ಪತ್ರೆ ಜಗಲೀಲಿ ಕುಂತು ಬೇಡ್ಕಂಡಿದ್ದೆ, ರಾಮಾ, ವಸಿ ಈ ಕಡೆ ತಿರುಗಿ ನೋಡಪ್ಪ ಅಂತ. ಎರಡು ಜೀವಾನೂ ಉಳೀತು. ಸನಿವಾರ ಇಲ್ಲಿಗ್ ಬಂದು ಬೊಟ್ಟಿಕ್ಕಕೆ ಕೈ ಎತ್ತುದೆ. ಕಣ್ ಮುಚ್ಕಂಡೇ ಇಕ್ಕೋನು ನಾನು. ಬೆಳ್ಳು ಮಾಮೂಲಿ ಜಾಗಕ್ಕೇ ಓಯ್ತು. ಕಣ್ ಬುಟ್ಟು ನೋಡುದ್ರೆ ರಾಮದ್ಯಾವ್ರು ಅಲ್ಲಿಲ್ಲ.”

ಅವರು ಪಕ್ಕದ ಕಂಬಕ್ಕೆ ಒರಗಿ ಕೂತರು.

“ಜರುಗವ್ನೆ. ನಾ ನಿಂತ್ಕಳೋ ಕಡೀಕೆ ಜರುಗವ್ನೆ. ಕರುದ್ರೆ ಬಂದನಲ್ಲಾ ಅಂತ ಇಲ್ಲೇ, ಈ ಕಂಬ ತಬ್ಕಂಡು ಅತ್ಬುಟ್ಟೆ. ಅವತ್ತಿಂದ ಅವ್ನು ಬಂದ್ ಕುಂತ ಜಾಗಕ್ಕೇ ಇಕ್ತಾ ಇವ್ನಿ. ಯಾರ್ಗಾರ ಯೋಳುದ್ರೆ ಎಲ್ಲಿ ವಾಪಸ್ ಓಯ್ತಾನೋ ಅಂತ ಬಾಯ್ ಬುಡ್ನಿಲ್ಲ.”

ಹೊರಗೆ ಯಾರೋ ಸ್ಕೂಟರಿನ ಹಾರ್ನ್ ಒತ್ತಿ ಹೋದರು.

ದೀಪಿಕ ನನ್ನನ್ನು ನೋಡಿದಳು. ಅವಳಿಗೂ ಗೊತ್ತಾಗಿತ್ತು. ಪಟ ಬದಲಾದ ದಿನ ಸಿಕ್ಕಿತ್ತು. ಆ ದಿನ ಅವಳ ಅಪ್ಪ ಮಂಡ್ಯದ ಆಸ್ಪತ್ರೆಯಲ್ಲಿದ್ದರು, ಅದಕ್ಕೆ ದಾಖಲೆಯೂ ಇರುತ್ತದೆ. ಅವರು ಕಳ್ಳರಲ್ಲ ಎಂದು ತೋರಿಸಲು ಇಷ್ಟು ಸಾಕು.

ತೋರಿಸಬೇಕಾದರೆ ಅವರ ರಾಮ ಎಂದೂ ಜರುಗಿರಲಿಲ್ಲ ಎಂದು ಹೇಳಬೇಕು.

“ಆಗಸ್ಟ್ ಹದಿನೇಳು,” ದೀಪಿಕ ಪಿಸುಗುಟ್ಟಿದಳು. “ನಾನ್ ಹುಟ್ಟಿದ್ದು. ಅವತ್ತಿಂದ ಶನಿವಾರದೊಳಗೆ...”

ಚಲುವರಾಜು ಅದನ್ನು ಕೇಳಿ ಎದ್ದರು. ಪಟದ ಮುಂದೆ ನಿಂತು, ಹಳೆಯ ಹೆಪ್ಪಿನ ಮೇಲೆ ಅರ್ಧ ಬೆರಳಿಟ್ಟರು. ಅದು ಅಚ್ಚಿನಂತೆ ಕೂತಿತು.

“ಅಂಗಾರೆ ಅವತ್ತು ರಾಮ ಬಂದಿರ್ನಿಲ್ಲ,” ಎಂದರು. “ಓಗಿದ್ದ.”

ದೀಪಿಕ ಅವರ ಭುಜ ಹಿಡಿದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

“ಆದ್ರೂ ನೀ ಉಳುದ್ಯಲ್ಲವ್ವ. ಅದು ಸುಳ್ಳಲ್ವಲ್ಲ. ಇಪ್ಪತ್ ವರ್ಸ ನಾ ಕೈ ಮುಗಿದಿದ್ದು ಅದುಕ್ಕೆ. ವೇಸ್ಟಾಗ್ನಿಲ್ಲ, ಬುಡು.”

ನಾನು ಮುಖ ತಿರುಗಿಸಿಕೊಂಡೆ. ಕನ್ನಡಕ ಒರೆಸಿಕೊಂಡು ಕೇಳಬೇಕಾದ್ದನ್ನು ಕೇಳಿದೆ. “ಆ ದಿನಗಳಲ್ಲಿ ಬೀಗದ ಕೈ ಯಾರ ಹತ್ತಿರ ಇತ್ತು?”

“ದೀಪ ಕೆಡಬಾರ್ದು ಅಂತ ಒಬ್ರ ಕೈಗೆ ಕೊಟ್ಟೋಗಿದ್ದೆ.”

“ಯಾರು?”

ಅವರು ಬಾಯಿ ತೆರೆದರು. ಹೆಸರು ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಆಮೇಲೆ ಅವರ ಕಣ್ಣು ಸಣ್ಣಗಾಯಿತು, ಇಪ್ಪತ್ತು ವರ್ಷಗಳ ಲೆಕ್ಕವೆಲ್ಲ ಒಟ್ಟಿಗೆ ಕೂಡಿಬಂದ ಹಾಗೆ.

“ವ್ಯಾನ್ ಕೊಟ್ಟು ಮಂಡ್ಯಕ್ ಕಳಿಸ್ದೋನು ಶಿವರಾಜು,” ಎಂದರು ನಿಧಾನವಾಗಿ. “ರಾತ್ರಿ ಹಗಲೂ ನನ್ನೆಂಡ್ರ ಮಗ್ಗುಲಲ್ಲಿ ನಿಂತೋಳು ಇಂದ್ರಮ್ಮ. ರಕ್ತ ಕೊಟ್ಟೋರು ಸಾಮಣ್ಣ ಮೇಷ್ಟ್ರು. ಮೂವರೂ ನನ್ ಪಾಲಿಗೆ ದ್ಯಾವ್ರಾಗಿ ಬಂದೋರು. ನಾನ್ಯಾರ ಎಸ್ರು ಯೋಳ್ಲಿ?”

“ಮೂವರಲ್ಲಿ ಒಬ್ಬರಿಗೇ ಅಲ್ಲವೇ ಕೊಟ್ಟದ್ದು?”

“ಅಪ್ಪಾ, ನೀನು ಯೋಳ್ದೆ ಓದ್ರೆ ಜೈಲಿಗ್ ಓಯ್ತೀಯ,” ಎಂದಳು ದೀಪಿಕ.

ಹೊರಗೆ ವ್ಯಾನ್ ನಿಂತ ಸದ್ದಾಯಿತು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಶಿವರಾಜು ಮೊದಲು ಬಂದರು. “ಏನ್ಲಾ ಚಲುವ, ಬಾಯ್ ಬುಡ್ತೀಯೋ, ಟೇಸನ್ಗೆ ಓಗವೋ?” ಹಿಂದೆ ಇಂದ್ರಮ್ಮ, ಸೆರಗು ಹೊದ್ದು, ಯಾರನ್ನೂ ನೋಡದೆ. ಕೊನೆಗೆ ಶ್ಯಾಮಣ್ಣ ಮೇಷ್ಟ್ರು, ಕಂಕುಳಲ್ಲಿ ಬಿಳಿ ಹಾಳೆಗಳ ಪ್ಯಾಡ್.

“ಸ್ವಲ್ಪ ಸಮಾಧಾನ ಶಿವರಾಜು,” ಎಂದರು ಮೇಷ್ಟ್ರು. “ಮೇಡಂ ಬಂದಿದ್ದಾರೆ. ಅವರಿಗೇನಾದರೂ ಸಿಕ್ಕಿರಬಹುದು.”

ನನಗೆ ಸಿಕ್ಕಿತ್ತು. ದೀಪಿಕಳ ಹಾಳೆ ನನ್ನ ಚೀಲದಲ್ಲಿತ್ತು. ದಿನ ನನ್ನ ತಲೆಯಲ್ಲಿತ್ತು. ಕೊಟ್ಟ ಮಾತು ಬಾಯಿಗೆ ಅಡ್ಡ ನಿಂತಿತ್ತು. ಪಟ ಸಿಕ್ಕಿದ್ದನ್ನಷ್ಟೇ ಹೇಳಿದರೆ ಅದರ ಮೇಲಿರುವುದು ಚಲುವರಾಜು ಅವರ ಬೆರಳು.

ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದೆ ಬಂದರು.

“ಮೇಡಮ್ಮೋರ್ನ ಯಾಕ್ ಕೇಳ್ತೀರಿ? ನಾನೇ ಕಣಯ್ಯ. ನಾನೇ ತಗಂಡೋಗಿ ಕೊಟ್ಟೆ. ಬರ್ಕಳಿ.”

“ಸುಳ್ಳು!” ದೀಪಿಕ ಕಿರುಚಿದಳು. “ಅಪ್ಪ ಸುಳ್ಳ್ ಯೋಳ್ತಾವ್ರೆ!”

ನೋಡುವುದೊಂದೇ ನನಗೆ ಬರುವ ವಿದ್ಯೆ. ಮೂರು ಮುಖಗಳನ್ನೂ ನೋಡಿದೆ. ಎರಡು ವಾರ ಕೂಗಾಡಿದ್ದ ಶಿವರಾಜು ಬಾಯಿ ತೆರೆದು ನಿಂತಿದ್ದರು, ಗೆದ್ದವರ ಮುಖವಲ್ಲ ಅದು. ಇಂದ್ರಮ್ಮ ಗೋಡೆಗೆ ಒರಗಿದರು. “ಚಲುವರಾಜು, ಬೇಡ ಕಣಪ್ಪ,” ಎಂದರು.

ಶ್ಯಾಮಣ್ಣ ಮೇಷ್ಟ್ರು ಕೆಳಗೆ ಕೂತು ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡರು. ಕನ್ನಡಕ ಏರಿಸಿದರು. “ತಾನಾಗಿ ಒಪ್ಪಿಕೊಂಡಿದ್ದಾನೆ. ಮರ್ಯಾದೆಯಿಂದ ಮುಗಿಸೋಣ,” ಎಂದು ಬರೆಯತೊಡಗಿದರು. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ. ಅಕ್ಷರ ಮುತ್ತಿನಂತಿತ್ತು. ಬರೆದು ಮುಗಿಸಿ, ಚಲುವರಾಜು ಅವರ ಸಹಿ ಹಾಕಿಸಿ, ಹಾಳೆಯನ್ನು ನನಗೆ ಚಾಚಿದರು.

“ನೀವೂ ಕೇಳಿದಿರಿ. ಸಾಕ್ಷಿಯಾಗಿ ಇಲ್ಲೊಂದು ಸಹಿ ಹಾಕಿಬಿಡಿ ಅಮ್ಮ. ನಿಮ್ಮ ಉಪಕಾರ ಮರೆಯೋದಿಲ್ಲ.”

ಓದದೆ ಸಹಿ ಹಾಕುವವಳಲ್ಲ ನಾನು. ಓದಿದೆ.

ಹೆಸರು, ತಂದೆಯ ಹೆಸರು, ಊರು, ಎಲ್ಲ ಇತ್ತು. ಒಂದು ಅರ್ಜಿ ಹೇಗಿರಬೇಕೆಂದು ಮಕ್ಕಳಿಗೆ ಕಲಿಸಿದವರು, ಏನನ್ನೂ ಖಾಲಿ ಬಿಟ್ಟಿರಲಿಲ್ಲ. ಮೂರನೇ ಸಾಲಿನಲ್ಲಿ ಹೀಗಿತ್ತು: “ನಾನು ೨೦೦೫ನೇ ಇಸವಿ ಆಗಸ್ಟ್ ತಿಂಗಳ ಹದಿನೇಳನೇ ತಾರೀಖಿನಂದು ಸದರಿ ಪಟವನ್ನು...”

ಚಲುವರಾಜು ಅವರ ಬಾಯಿಂದ ಬಂದದ್ದು ನಾಲ್ಕೇ ಮಾತು. ಅದರಲ್ಲಿ ತಾರೀಖು ಇರಲಿಲ್ಲ. ಪಟ ಬದಲಾದದ್ದು ಯಾವಾಗ ಎಂದು ಗೊತ್ತಿದ್ದದ್ದು ನಮ್ಮ ಮೂವರಿಗೆ, ಮತ್ತೆ ಕದ್ದವನಿಗೆ.

ಕೊಟ್ಟ ಮಾತನ್ನು ಮುರಿಯದೆ ಕೇಳಬಹುದಾದ ಒಂದೇ ಪ್ರಶ್ನೆ ಉಳಿದಿತ್ತು.

“ಮೇಷ್ಟ್ರೇ, ಈ ತಾರೀಖು ನಿಮಗೆ ಹೇಳಿದವರು ಯಾರು?”

ಶ್ಯಾಮಣ್ಣ ಮೇಷ್ಟ್ರು ಹಾಳೆಯನ್ನು ನೋಡಿದರು. ಅವರ ಬೆರಳಿನಲ್ಲಿದ್ದ ಪೆನ್ನು ಹಾಗೇ ಉಳಿಯಿತು. ಶಿವರಾಜು ಬಗ್ಗಿ ಹಾಳೆ ಓದಿದರು, ಆಮೇಲೆ ಮೇಷ್ಟ್ರ ಮುಖ ನೋಡಿದರು. ಇಂದ್ರಮ್ಮ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

ಉತ್ತರ ನನ್ನ ಹಿಂದಿನಿಂದ ಬಂತು.

“ನಾನೇ ಯೋಳಿದ್ದೆ ಕಣವ್ವ,” ಎಂದರು ಚಲುವರಾಜು. ಇಪ್ಪತ್ತು ವರ್ಷ ಹೆಂಡತಿಗೂ ಹೇಳದಿದ್ದವರು ನನಗೆ ಕೈಮುಗಿದು ನಿಂತಿದ್ದರು.